ಮೂರು ತಾಸಿನ ಹಾದಿ

ವರ್ಷಕ್ಕೊಮ್ಮೆ, ಬಿಸಿಲು ಚುರುಕಾದ ಮೇಲೆ, ಟ್ರಂಕಿನಲ್ಲಿರುವ ಕರಿ ಕಂಬಳಿಯನ್ನು ಹೊರಗೆ ತೆಗೆದು ಮಾಳಿಗೆಯ ಮೇಲೆ ಹರವುವುದು ನಮ್ಮ ಮನೆಯ ರೂಢಿ. ಮಡಿಕೆಗಳ ನಡುವಿಂದ ಒಣಗಿದ ಬೇವಿನ ಎಲೆಗಳು ಉದುರುತ್ತವೆ. ಕುರಿಯ ವಾಸನೆ, ಬೇವಿನ ವಾಸನೆ, ಕಂಬಳಿಗೆ ಹಾಕಿದ ಹುಣಸೆ ಬೀಜದ ಗಂಜಿಯ ವಾಸನೆ ಎಲ್ಲ ಕೂಡಿ ಮೂಗಿಗೆ ಬಡಿಯುತ್ತವೆ. ನಮ್ಮ ಮನೆಯವರಿಗೆ ಆ ವಾಸನೆ ಬಂದರೆ ಸೀನು ಬರುತ್ತದೆ. ನನಗೆ ಸಿಟ್ಟು ಬರುತ್ತದೆ. ಕಂಬಳಿಯ ಮೇಲಲ್ಲ, ಪಾಪ, ಅದೇನು ಮಾಡಿದೆ? ಸಿಟ್ಟಿನ ಕಾರಣ ಬೇರೆ ಇದೆ. ಅದನ್ನು ಹೇಳಲೆಂದೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಈ ಸಲ ಕಂಬಳಿ ಹರವುತ್ತಿದ್ದಾಗ ಪಕ್ಕದ ಮನೆಯ ದೇಶಪಾಂಡೆ ಬಾಯಾರು ತಮ್ಮ ಮಾಳಿಗೆಯಿಂದ ನಮ್ಮ ಮಾಳಿಗೆಗೆ ದಾಟಿ ಬಂದರು. ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ, ಅದನ್ನು ಅವರು ಗೋಡೆಯೆಂದು ಎಂದೂ ಒಪ್ಪಿಕೊಂಡಿಲ್ಲ. ಕೈಯಲ್ಲಿ ಹೊಸ ಮೊಬೈಲು. ನಮ್ಮ ಬನಹಟ್ಟಿಯಲ್ಲಿ ಮಗ್ಗಗಳ ಸದ್ದಿಗೆ ಎಲ್ಲರೂ ನಾಲ್ಕು ಪಟ್ಟು ಗಟ್ಟಿಯಾಗಿಯೇ ಮಾತಾಡುವುದು. ಬಾಯಾರು ಆರು ಪಟ್ಟು.

"ಟೀಚರ್‌ಬಾಯಿ, ನಾವು ಕಾಮಾಖ್ಯಾ ದೇವಿ ದರ್ಶನಕ್ಕ ಹೋಗಬೇಕಂತ ಮಾಡೇವಿ ನೋಡ್ರಿ. ಯಜಮಾನರು ದೂರ ದೂರ ಅಂತ ಹೆದರಲಿಕ್ಕೆ ಹತ್ಯಾರ. ಇಲ್ಲೇ ಬರದದ, ಬೆಳಗಾವಿಯಿಂದ ಗುವಾಹಟಿಗೆ ಬರೇ ಮೂರು ತಾಸು."

ನನ್ನ ಕೈಯಲ್ಲಿದ್ದ ಕಂಬಳಿಯ ತುದಿ ಕೈಯಲ್ಲೇ ಉಳಿಯಿತು.

"ಬಾಯಾರ, ಆ ವಿಮಾನ ಎಷ್ಟಕ್ಕ ಬಿಡತೈತಿ ಅಂತ ಬರದೈತೇನ ನೋಡ್ರಿ."

ಬಾಯಾರು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. "ಅದೇನ ಬರದಿಲ್ಲರಿ. ದೂರ ಎಷ್ಟು, ಹಾರಲಿಕ್ಕೆ ವೇಳೆ ಎಷ್ಟು, ಇಷ್ಟ ಅದ."

"ಅಂಥಾ ವಿಮಾನ ಐತೋ ಇಲ್ಲೋ, ಅದನ್ನರ ಬರದಾರೇನು?"

"ಅಯ್ಯ, ವಿಮಾನ ಇಲ್ಲದ ವೇಳೆ ಹೆಂಗ ಬರೀತಾರ್ರಿ?" ಎಂದರು ಬಾಯಾರು, ನನ್ನ ಬುದ್ಧಿಗೆ ಮರುಗುವ ದನಿಯಲ್ಲಿ.

ಬರೆಯುತ್ತಾರೆ. ನನ್ನ ಲಗ್ನದ ಕಾಲಕ್ಕೂ ಬರೆದಿದ್ದರು. ಹತ್ತು ವರ್ಷ ಮಿಕ್ಕಿತು, ಆಗಲೂ ಬೆಳಗಾವಿಗೂ ಗುವಾಹಟಿಗೂ ನೇರ ಹಾರುವ ವಿಮಾನವಿರಲಿಲ್ಲ, ಈಗಲೂ ಇಲ್ಲ, ಆದರೆ ಆ ಮೂರು ತಾಸು ಮಾತ್ರ ಅಲ್ಲೇ ಗೂಟ ಹೊಡೆದುಕೊಂಡು ಕೂತಿದೆ. ಯಾರೋ ಎಲ್ಲೋ ಕೂತು ಭೂಪಟದ ಮೇಲೆ ಎರಡು ಊರು ಹಿಡಿದು ಒಂದು ಗೆರೆ ಎಳೆಯುತ್ತಾರೆ, ಗೆರೆಯ ಉದ್ದವನ್ನು ವಿಮಾನದ ವೇಗದಿಂದ ಭಾಗಿಸುತ್ತಾರೆ, ಬಂದ ಉತ್ತರವನ್ನು ಲೋಕಕ್ಕೆ ಹಂಚುತ್ತಾರೆ. ನಾನು ಸಾಲಿಯಲ್ಲಿ ಭೂಗೋಳ ಕಲಿಸುವವಳು. ನಕಾಶೆಯ ಮೇಲೆ ದಾರವಿಟ್ಟು ದೂರ ಅಳೆಯುವುದನ್ನು ನಾನೂ ಹೇಳಿಕೊಡುತ್ತೇನೆ. ಆದರೆ ನನ್ನ ಮಕ್ಕಳಿಗೆ ದಾರವನ್ನು ರಸ್ತೆಯ ಗೆರೆಯ ಮೇಲೆ, ಅದು ಬಾಗಿದಲ್ಲಿ ಬಾಗಿಸಿ ಇಡಲು ಹೇಳುತ್ತೇನೆ. ರಸ್ತೆ ಇಲ್ಲದ ಕಡೆ ದಾರ ಜಗ್ಗಿದವರಿಗೆ ಮಾರ್ಕಿಲ್ಲ. ಈ ವಿಷಯದಲ್ಲಿ ನಾನು ಬಹಳ ಕಟುಕಿ ಎಂದು ಸಾಲಿಯಲ್ಲಿ ಹೆಸರಿದೆ, ಅದು ಸುಳ್ಳಲ್ಲ.

ಈ ನೆಟ್ಟಗಿನ ಗೆರೆಯ ಮೇಲೆ ನನಗೆ ಮೊದಲು ಸಿಟ್ಟು ಬಂದದ್ದು ವಿಮಾನದ ದೆಸೆಯಿಂದಲ್ಲ. ಆಗ ನಾನು ಹೈಸ್ಕೂಲಿನ ಹುಡುಗಿ. ಬಾಗಲಕೋಟೆ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು, ಆಲಮಟ್ಟಿಯಲ್ಲಿ ಅಣೆಕಟ್ಟು ಏರುತ್ತಿತ್ತು. ನನ್ನ ಅವ್ವನ ತವರು ಗಲಗಲಿಯನ್ನು ದಾಟಿ ಹೊಳೆ ಬಾಗುವಲ್ಲಿ ಇದ್ದ ಒಂದು ಸಣ್ಣ ಊರು. ಅಜ್ಜನಿಗೆ ಕುರಿ ಹಿಂಡಿತ್ತು, ಹೊಳೆ ದಂಡೆಯ ಹೊಲವಿತ್ತು, ಕುಲದೇವರು ಬೀರಪ್ಪನ ಮೇಲೆ ಭಾರವಿತ್ತು. ಸೂಟಿಯಲ್ಲಿ ನಾನು ಅಲ್ಲಿದ್ದಾಗ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಅಜ್ಜನ ಮನೆಯ ಕಟ್ಟೆಯ ಮೇಲೆ ಕೂತು, ನಕಾಶೆ ಬಿಚ್ಚಿ, ಅದರ ಮೇಲೆ ಅಳತೆಪಟ್ಟಿ ಇಟ್ಟರು. ಊರು ಮುಳುಗುತ್ತದೆ, ಮನೆ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತದೆ, ಆದರೆ ಅಜ್ಜನ ಎತ್ತರದ ಒಂದು ತುಂಡು ಹೊಲ ಉಳಿಯುತ್ತದೆ ಎಂದರು.

"ಹೊಸ ಮನೆಯಿಂದ ಹೊಲಕ್ಕೆ ಎರಡೇ ಕಿಲೋಮೀಟರ್. ನೋಡಿ, ಎಷ್ಟು ಹತ್ತಿರ."

ಅಜ್ಜ ತಲೆಯ ಪಟಗ ಸರಿಮಾಡಿಕೊಂಡು ಬಗ್ಗಿ ನೋಡಿದ. ಅವನಿಗೆ ನಕಾಶೆ ತಿಳಿಯುತ್ತಿರಲಿಲ್ಲ, ಆದರೆ ನೀಲಿ ಬಣ್ಣ ತಿಳಿಯುತ್ತಿತ್ತು. "ಸಾಹೇಬ್ರ, ನಡಕ ಹಿನ್ನೀರ ಬರತೈತಲ್ಲರಿ. ಕುರಿ ಈಸಾಕ ಬರಂಗಿಲ್ಲರಿ."

"ಸುತ್ತು ಹಾಕಿಕೊಂಡು ಹೋಗಬಹುದು. ನಾವು ಅಂತರ ಅಷ್ಟೇ ಅಳೆಯುವುದು, ದಾರಿ ನಮ್ಮ ಕೆಲಸವಲ್ಲ."

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಂತರ ಅವರ ಕೆಲಸ, ದಾರಿ ನಮ್ಮ ಕೆಲಸ. ನೀರು ಬಂದ ಮೇಲೆ ಆ ಎರಡು ಕಿಲೋಮೀಟರು ಅರ್ಧ ದಿನದ ಸುತ್ತಾಯಿತು. ಕುರಿ ಮೇಯುವ ದಂಡೆಯೆಲ್ಲ ನೀರಿನಡಿ ಹೋಯಿತು. ಅಜ್ಜ ಹಿಂಡನ್ನು ಮಾರಿದ. ಮಾರುವ ಮುಂಚೆ ಕಡೆಯ ಸಲ ಉಣ್ಣೆ ಕತ್ತರಿಸಿ, ನೂಲಿಸಿ, ಒಂದು ಕಂಬಳಿ ನೇಯಿಸಿದ. ಅದನ್ನು ತನ್ನ ಒಬ್ಬನೇ ಮಗನಿಗೆ, ಅಂದರೆ ನನ್ನ ಸೋದರಮಾವ ಮಾಳಪ್ಪನಿಗೆ ಕೊಟ್ಟು, "ನಿಮ್ಮಕ್ಕನ ಮಗಳ ಲಗ್ನದಾಗ ಇದನ್ನ ಹಾಸು" ಎಂದಿದ್ದ.

ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದ ಲಗ್ನದಲ್ಲಿ ಮದುಮಕ್ಕಳು ಕೂರುವುದು ಕಂಬಳಿಯ ಮೇಲೆ. ಬೆಳ್ಳಿಯ ಮಣೆ ತಂದರೂ ನಡೆಯುವುದಿಲ್ಲ. ಆ ಕಂಬಳಿ ಬರುವುದು ಮದುಮಗಳ ಅವ್ವನ ತವರಿನಿಂದ. ಸೋದರಮಾವ ಹೆಗಲ ಮೇಲೆ ಹೊತ್ತು ತರುತ್ತಾನೆ, ತಾನೇ ಹಾಸುತ್ತಾನೆ, ತಾನೇ ಹುಡುಗಿಯ ಕೈಹಿಡಿದು ಹಂದರಕ್ಕೆ ಕರೆತಂದು ಅದರ ಮೇಲೆ ಕೂರಿಸುತ್ತಾನೆ. ಅದು ಹಾಸಿದರೆ ಗದ್ದಿಗೆ, ಕಾಲಲ್ಲಿ ಮೆಟ್ಟು ಹಾಕಿಕೊಂಡು ಯಾರೂ ತುಳಿಯುವಂತಿಲ್ಲ. ಕಂಬಳಿ ಬಂತೆಂದರೆ ಆ ಹೆಣ್ಣುಮಗಳಿಗೆ ತವರು ಇದೆ ಎಂದು ನಾಲ್ಕು ಮಂದಿಯ ಮುಂದೆ ಹೇಳಿದ ಹಾಗೆ. ನನ್ನ ಲಗ್ನ ಗೊತ್ತಾಗುವ ಹೊತ್ತಿಗೆ ಅಜ್ಜ ಇರಲಿಲ್ಲ, ಊರು ಇರಲಿಲ್ಲ. ಇದ್ದದ್ದು ಮಾಳಪ್ಪ ಮಾವ ಒಬ್ಬ. ಅವನು ಮಿಲ್ಟ್ರಿಯಲ್ಲಿ, ಅಸ್ಸಾಮಿನಲ್ಲಿ. ಪುನರ್ವಸತಿ ಕೇಂದ್ರದ ಮನೆಗೆ ಗೆದ್ದಲು ಹತ್ತಿದ್ದರಿಂದ ಕಂಬಳಿಯನ್ನೂ ಟ್ರಂಕಿನಲ್ಲಿ ಹಾಕಿಕೊಂಡು ಅಲ್ಲಿಗೇ ಒಯ್ದಿದ್ದ. ಹೀಗೆ ನನ್ನ ಅವ್ವನ ತವರು ಅನ್ನುವುದೆಲ್ಲ ಗುವಾಹಟಿಯ ಹತ್ತಿರದ ಒಂದು ಬ್ಯಾರಕ್ಕಿನಲ್ಲಿ, ಒಂದು ಕಬ್ಬಿಣದ ಟ್ರಂಕಿನಲ್ಲಿ ಇತ್ತು.

ಮಾವ ರಜೆ ಮಂಜೂರು ಮಾಡಿಸಿಕೊಂಡಿದ್ದ. ರೈಲಿನ ಟಿಕೆಟ್ಟೂ ತೆಗೆಸಿದ್ದ. ಮೂರ್ನಾಲ್ಕು ದಿನದ ಹಾದಿ, ಲಗ್ನಕ್ಕೆ ಎರಡು ದಿನ ಮುಂಚೆ ಬಂದು ಮುಟ್ಟುತ್ತಿದ್ದ. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ಸರಿಮಾಡಲು ನಮ್ಮ ಗಿರಿಮಲ್ಲ ಕಾಕಾ ನಡುವೆ ಬಂದ.

ಗಿರಿಮಲ್ಲ ಕಾಕಾ ನಮ್ಮ ಅಪ್ಪನ ದೊಡ್ಡಪ್ಪನ ಮಗ. ಸಫಾರಿ ಹಾಕುತ್ತಿದ್ದ, ಜೇಬಿನಲ್ಲಿ ಎರಡು ಪೆನ್ನು. ನನ್ನ ತವರೂರು ಜಮಖಂಡಿಯಲ್ಲಿ ಕಂಪ್ಯೂಟರ್ ಅಂಗಡಿ ಬಂದ ಮೇಲೆ ಅವನು ಅಲ್ಲಿಯೇ ಬಿಡಾರ ಹೂಡಿದ್ದ. ಯಾರ ಮಗಳ ರಿಸಲ್ಟು, ಯಾವ ಬಸ್ಸು, ಯಾವ ದೇವರ ದರ್ಶನದ ವೇಳೆ, ಏನು ಬೇಕಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ ತರುತ್ತಿದ್ದ. ಬಾಯಿಂದ ಹೇಳಿದ್ದನ್ನು ನಮ್ಮೂರಲ್ಲಿ ನಂಬುತ್ತಿರಲಿಲ್ಲ, ಅಚ್ಚಾದದ್ದನ್ನು ನಂಬುತ್ತಿದ್ದರು. ನಾನು ಟೀಚರ್ ಟ್ರೇನಿಂಗ್ ಮುಗಿಸಿದವಳು, ನಾನೂ ಆ ಕಾಗದವನ್ನು ನೋಡಿ ತಲೆಯಾಡಿಸಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಎರಡು ಊರಿನ ಹೆಸರು, ನಡುವೆ ಒಂದು ಬಾಗಿದ ಗೆರೆ, ಎರಡು ಸಾವಿರ ಚಿಲ್ಲರೆ ಕಿಲೋಮೀಟರು, ಕೆಳಗೆ ದಪ್ಪ ಅಕ್ಷರದಲ್ಲಿ ಹಾರಾಟದ ಸಮಯ ಸುಮಾರು ಮೂರು ಗಂಟೆ. ಮೂಲೆಯಲ್ಲಿ ವಿಮಾನದ ಚಿತ್ರವೂ ಇತ್ತು. ಅಷ್ಟು ಚಂದದ ಕಾಗದವನ್ನು ಯಾರು ಅನುಮಾನಿಸುತ್ತಾರೆ?

ಕಾಕಾ ಅಪ್ಪನ ಮೊಬೈಲಿನಿಂದ ಮಾವನಿಗೆ ಫೋನು ಹಚ್ಚಿದ. ಮೊಬೈಲನ್ನು ಕಿವಿಗೆ ಹಿಡಿಯದೆ ಬಾಯಿಯ ಮುಂದೆ ಹಿಡಿದು ಮಾತಾಡುವುದು ಅವನ ಪದ್ಧತಿ.

"ಲೇ ಮಾಳಪ್ಪ, ರೈಲಿನಾಗ ಯಾಕ ಸಾಯತೀಯೊ? ಮೂರ ತಾಸಿನ ಹಾದಿಗೆ ನಾಕ ದಿನ ಯಾಕ ಹಾಳ ಮಾಡತಿ? ಆ ಟಿಕೆಟ್ ಹಿಂದಕ್ಕ ಕೊಡು. ಹಿಂದಿನ ದಿನ ಮುಂಜಾನೆ ಇಮಾನ ಹತ್ತು, ಮಧ್ಯಾಹ್ನಕ್ಕ ಬೆಳಗಾವಿ, ಸಂಜೀಕ ಮನ್ಯಾಗ ಬಂದು ರೊಟ್ಟಿ ತಿನ್ನು. ಉಳದ ರಜಾ ಇಲ್ಲಿ ಇದ್ದು ಹೋಗಾಕ ಬರತೈತಿ."

ಮಾವ ಅನುಮಾನ ಮಾಡಿದನಂತೆ. ಬೆಳಗಾವಿಗೆ ಅಷ್ಟು ದೂರದಿಂದ ವಿಮಾನ ಇದೆಯೇ ಎಂದು ಕೇಳಿದನಂತೆ. ಕಾಕಾ ಕಾಗದವನ್ನು ಫೋನಿನ ಮುಂದೆ ಬಡಿದು, "ಇಲ್ಲಿ ಅಚ್ಚ ಹಾಕ್ಯಾರ, ನಾ ಏನ ಕನಸ ಕಂಡೇನೇನು?" ಎಂದ. ಹಿರಿಯರ ಮಾತು. ಅಕ್ಕನ ಮನೆಯಲ್ಲಿ ನಾಲ್ಕು ದಿನ ಹೆಚ್ಚು ಇರುವ ಆಸೆ ಬೇರೆ. ಮಾವ ರೈಲಿನ ಟಿಕೆಟ್ಟನ್ನು ರದ್ದು ಮಾಡಿದ.

ಅವನು ವಿಮಾನ ನಿಲ್ದಾಣಕ್ಕೆ ಹೋಗಿ ಬೆಳಗಾವಿಗೆ ಟಿಕೆಟ್ ಕೊಡಿ ಎಂದಾಗ ಕಿಟಕಿಯಲ್ಲಿದ್ದವರು ನಕ್ಕರಂತೆ. ಅಂಥ ವಿಮಾನವೇ ಇಲ್ಲ. ರೈಲು ಹೋಗಿತ್ತು. ಕಡೆಗೆ ಸಿಕ್ಕದ್ದು ಕಲ್ಕತ್ತೆಯ ವಿಮಾನ. ಅಲ್ಲಿಂದ ಮುಂದಿನದರಲ್ಲಿ ಸೀಟಿಲ್ಲ, ಅದರ ಮುಂದಿನದು ಮುಂಬೈಗೆ. ಆ ಮನುಷ್ಯ ಅಲ್ಲಿಯವರೆಗೆ ವಿಮಾನ ಹತ್ತಿದವನಲ್ಲ. ಕಂಬಳಿಯನ್ನು ಚೀಲದ ಜೊತೆ ಹಾಕಿ ಎಂದರೆ ಹಾಕಲಿಲ್ಲವಂತೆ, ಮಂದಿ ಬೂಟುಗಾಲಿನಲ್ಲಿ ತುಳಿದರೆ ಏನು ಗತಿ ಎಂದು ಹೆಗಲ ಮೇಲೆಯೇ ಇಟ್ಟುಕೊಂಡನಂತೆ.

ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಹಿಂದಿನ ದಿನ ಸಂಜೆ ಅವ್ವ ರೊಟ್ಟಿ ಬಡಿದಿಟ್ಟು ಬಾಗಿಲಲ್ಲಿ ಕೂತಿದ್ದಳು. ಅಪ್ಪ ಫೋನು ಹಚ್ಚಿ ಹಚ್ಚಿ ಸಾಕಾದ, ಮಾವನ ಮೊಬೈಲು ಬಂದ್ ಆಗಿತ್ತು. ಲಗ್ನದ ದಿನ ಬೆಳಗಾಗುತ್ತಲೇ ಯಾವುದೋ ಬೂತಿನಿಂದ ಮಾವನ ದನಿ ಬಂತು. ಮುಂಬೈಯಲ್ಲಿದ್ದೇನೆ, ಬಸ್ಸು ಹತ್ತುತ್ತಿದ್ದೇನೆ, ಮೀರಜಿಗೆ ಬಂದು ಅಲ್ಲಿಂದ ಬರುತ್ತೇನೆ ಎಂದ. ಮನೆಯವರೆಲ್ಲ ಗಿರಿಮಲ್ಲ ಕಾಕಾನ ಮುಖ ನೋಡಿದರು.

ಕಾಕಾ ಜೇಬಿನಿಂದ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದ. "ಮುಂಬೈಗೆ ಯಾಕ ಹೋದ ಅಂವ? ಇದರಾಗ ಮುಂಬೈ ಇಲ್ಲಲ್ಲ" ಎಂದ.

ಈಗ ನಗು ಬರುತ್ತದೆ, ನಗಬಹುದು. ಅವತ್ತು ನಾನು ಅರಿಷಿಣ ಹಚ್ಚಿಸಿಕೊಂಡು ಕೂತಿದ್ದೆ, ಮೈಯೆಲ್ಲ ಉರಿಯುತ್ತಿತ್ತು. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ವೇಳೆ ಮಧ್ಯಾಹ್ನಕ್ಕೆ ಇತ್ತು. ಮುಂಬೈಯಿಂದ ಜಮಖಂಡಿಗೆ ಮಧ್ಯಾಹ್ನದೊಳಗೆ ಬರುವುದು ಬೀರಪ್ಪನಿಗೂ ಆಗದ ಕೆಲಸ. ಬೀಗರ ಕಡೆಯ ಬಸ್ಸು ಬಂತು. ಹುಡುಗ ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸದವನು, ಹಂಗಾಮಿನ ದಿನಗಳು, ಅವನ ಜೊತೆಗಾರರು ಪಾಳಿ ಬದಲು ಮಾಡಿಕೊಂಡು ಬಂದಿದ್ದರು. ಬೀರಪ್ಪನ ಗುಡಿಯ ಮುಂದಿನ ಹಂದರ ತುಂಬಿತು. ಎಲ್ಲರ ಕಣ್ಣು ಹಂದರದ ನಡುವಿನ ಖಾಲಿ ಜಾಗದ ಮೇಲೆ.

ಒಳಗೆ ನನ್ನ ಕೋಣೆಯ ಕಿಟಕಿಯ ಆಚೆ ಬೀಗರ ಹೆಂಗಸರು ಕೂತಿದ್ದರು. ಅವ್ವ ಅವರಿಗೆ ಚಹಾ ಕೊಡುತ್ತಿದ್ದಳು. ಹುಡುಗನ ಸೋದರತ್ತೆ, ದೊಡ್ಡ ಕುಂಕುಮದ ಹೆಂಗಸು, ಚಹಾ ತೆಗೆದುಕೊಳ್ಳುತ್ತ ಪಕ್ಕದವಳಿಗೆ ಹೇಳಿದಳು: "ತವರ ನೀರಾಗ ಹೋದಾಕಿಗೆ ಕಂಬಳಿ ಎಲ್ಲಿಂದ ಬರಬೇಕ? ಸುಮ್ನ ಅಂಗಡ್ಯಾಗ ಒಂದ ತಂದಿದ್ದರ ಆಗತಿತ್ತು."

ಅವ್ವನಿಗೆ ಕೇಳಿಸಿತು. ನನ್ನ ಅವ್ವ ಸುಲಭಕ್ಕೆ ಬಾಯಿ ಮುಚ್ಚುವವಳಲ್ಲ, ಸಂತೆಯಲ್ಲಿ ಬೆಲೆ ಹೇಳಿದವನು ಅವಳ ಬಾಯಿಗೆ ಹೆದರಿ ತಾನೇ ಇಳಿಸುತ್ತಿದ್ದ. ಅವತ್ತು ಅವಳು ಸೆರಗು ಸರಿಮಾಡಿಕೊಂಡು ಮುಂದಿನವರಿಗೆ ಚಹಾ ಕೊಟ್ಟಳು. ಅದನ್ನು ನಾನು ಕಿಟಕಿಯ ಸಂದಿಯಿಂದ ನೋಡಿದೆ. ನೋಡಿದ ಮೇಲೆ ನನಗೆ ಲಗ್ನ ಬೇಡವಾಯಿತು, ಕಂಬಳಿ ಬೇಕಾಯಿತು.

ಸ್ವಲ್ಪ ಹೊತ್ತಿಗೆ ಹಿರಿಯರು ಒಳಗೆ ಬಂದರು. ಗುಡಿಯಲ್ಲಿರುವ ಯಾವುದಾದರೂ ಕಂಬಳಿ ಹಾಸೋಣ, ವೇಳೆ ಮೀರುವುದು ಬೇಡ ಎಂದರು. ಮಾವನ ಜಾಗದಲ್ಲಿ ಯಾರು? ಗಿರಿಮಲ್ಲ ಕಾಕಾ ಮುಂದೆ ಬಂದ. ಸಫಾರಿಯ ಮೇಲೆ ಆಗಲೇ ಶಲ್ಯ ಹೊದ್ದಿದ್ದ.

"ಮಾವನ ಜಾಗಾದಾಗ ನಾ ನಿಂದರತೇನಿ. ಏಳವ್ವ, ಕೈ ಕೊಡು."

ನೀವೇ ಹೇಳಿ. ಮಾವನನ್ನು ರೈಲಿನಿಂದ ಇಳಿಸಿದವನು, ಇಲ್ಲದ ವಿಮಾನಕ್ಕೆ ಹತ್ತಿಸಿದವನು, ಈಗ ಮಾವನ ಜಾಗಕ್ಕೆ ತಾನೇ ಕೈ ಚಾಚುತ್ತಿದ್ದಾನೆ. ಮದುಮಗಳು ತಲೆ ತಗ್ಗಿಸಿಕೊಂಡು ಇರಬೇಕು ಎಂದು ಹಿಂದಿನ ದಿನದಿಂದ ಹತ್ತು ಮಂದಿ ಹೇಳಿದ್ದರು. ನಾನು ತಲೆ ಎತ್ತಿದೆ.

"ಕಾಕಾ, ಮೂರ ತಾಸಿನ ಹಾದಿ ಅಂದಿದ್ರಲ್ಲ? ಹಂಗಾರ ಮೂರ ತಾಸ ತಡೀರಿ. ಮಾವ ಬರೋಮಟ ನಾ ಏಳಂಗಿಲ್ಲ."

"ಹುಚ್ಚಿ, ಮುಹೂರ್ತ ಮೀರತೈತಿ."

"ಮೀರಲಿ."

ಗದ್ದಲವಾಯಿತು. ಅಪ್ಪ ಬೈದ. ದೊಡ್ಡವ್ವ ಅತ್ತಳು. ಬೀಗರ ಕಡೆಯವರು ಟೀಚರ್ ಹುಡುಗಿಯನ್ನು ಮಾಡಿಕೊಂಡರೆ ಹೀಗೇ ಎಂದರು. ಅವ್ವ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಏಳು ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಕಡೆಗೆ ಮಾತು ಹುಡುಗನ ಹತ್ತಿರ ಹೋಯಿತು. ಬಾಸಿಂಗ ಕಟ್ಟಿಕೊಂಡು ಬೆವರುತ್ತ ಕೂತಿದ್ದ ಅವರು, ಅಂದರೆ ಈಗ ಕಂಬಳಿ ಕಂಡರೆ ಸೀನುವ ಇದೇ ನಮ್ಮ ಮನೆಯವರು, ಅಂದರಂತೆ: "ಬರಲಿ ಬಿಡ್ರಿ ಅವರ ಮಾವ. ನಂಗೇನ ಇವತ್ತ ಪಾಳಿ ಐತೇನು?" ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಅವರು ಬೇರೆ ಯಾವ ಮಾತನ್ನೂ ಅಷ್ಟು ಚಲೋ ಆಡಿಲ್ಲ. ಲಗ್ನ ಮಾಡಿಸುವ ಗುಡಿಯ ಒಡೆಯರು ಯೋಚಿಸಿ, ಗೋಧೂಳಿಯ ವೇಳೆಯೂ ಒಳ್ಳೆಯದೇ, ಬೀರಪ್ಪನ ಕುರಿ ಮನೆಗೆ ಬರುವ ಹೊತ್ತು ಎಂದರು. ಮಂದಿಗೆ ಊಟಕ್ಕೆ ಎಲೆ ಹಾಕಿದರು. ಲಗ್ನಕ್ಕಿಂತ ಮೊದಲು ಊಟ ಮಾಡಿ ಮುಗಿಸಿದ ಲಗ್ನ ನಮ್ಮ ಸುತ್ತಿನಲ್ಲಿ ಅದೊಂದೇ ಇರಬೇಕು. ಉಂಡವರಲ್ಲಿ ಅರ್ಧ ಮಂದಿ ಕೈಗೆ ಬೆಲ್ಲದ ಜಿಗುಟು ಇರುವಾಗಲೇ ಬಸ್ಸು ಹಿಡಿದರು. ನಮ್ಮ ಲಗ್ನದ ಫೋಟೋಗಳಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು.

ಇತ್ತ ಮಾವ ಮೀರಜ್ ಮುಟ್ಟಿ, ಕುಡಚಿ ದಾಟಿ, ತೇರದಾಳದ ಮೇಲೆ ಬರುವಾಗ ಇದೇ ನಮ್ಮ ರಬಕವಿ ಬನಹಟ್ಟಿಯ ಹೊರಗೆ ಕಬ್ಬಿನ ಟ್ರೇಲರು ಅಡ್ಡ ಬಿದ್ದಿತ್ತು. ಹಿಂದೆ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಸಾಲು. ಎರಡು ಸಾವಿರ ಕಿಲೋಮೀಟರು ಹಾರಿ ಬಂದ ಮನುಷ್ಯ ಕಣ್ಣಳತೆಯ ಹಾದಿಯಲ್ಲಿ ಸಿಕ್ಕಿಬಿದ್ದ. ಅವನು ಬಸ್ಸಿನಿಂದ ಇಳಿದು, ಕಬ್ಬು ತುಳಿಯುತ್ತ ಆಚೆ ಬಂದು, ಕಂಡವರ ಮೋಟರ್‌ಸೈಕಲ್ಲಿಗೆ ಕೈ ಮಾಡಿದನಂತೆ. ಹೆಗಲ ಮೇಲಿನ ಮಡಿಕೆ ಬಿಚ್ಚದ ಕಂಬಳಿ ನೋಡಿಯೇ ಒಬ್ಬ, "ಲಗ್ನಕ್ಕ ಹೊಂಟೀರೇನ್ರಿ?" ಎಂದು ಕೇಳಿ ಹತ್ತಿಸಿಕೊಂಡನಂತೆ. ಆ ಪುಣ್ಯಾತ್ಮ ಯಾರೋ ಇವತ್ತಿಗೂ ಗೊತ್ತಿಲ್ಲ. ಹಾದಿ ಎಷ್ಟು ದೂರ ಎಂದು ಅವನು ಯಾವ ಕಾಗದವನ್ನೂ ಕೇಳಲಿಲ್ಲ, ಗಾಡಿ ಓಡಿಸಿದ.

ಹೊತ್ತು ಇಳಿಯುವಾಗ ಹಂದರದ ಆ ಕಡೆ ಗುಲ್ಲೆದ್ದಿತು. ಕಿಟಕಿಯಿಂದ ನೋಡಿದೆ. ಮಾವ. ಗಡ್ಡ ಬಂದಿದೆ, ಮೈಯೆಲ್ಲ ಧೂಳು, ಎಡ ಹೆಗಲ ಮೇಲೆ ಕರಿ ಕಂಬಳಿ. ಹಂದರದ ಅಂಚಿಗೆ ನಿಂತು ಮಿಲ್ಟ್ರಿ ಬೂಟಿನ ದಾರ ಬಿಚ್ಚುತ್ತಿದ್ದಾನೆ, ಗಂಟು ಬಿಗಿದುಕೊಂಡಿದೆ. ಅವ್ವ ತಂಬಿಗೆಯಲ್ಲಿ ನೀರು ತಂದಳು. ತಮ್ಮನ ಬೂಟಿನ ಗಂಟನ್ನು ತಾನೇ ಕೂತು ಬಿಚ್ಚಿದಳು, ಕಾಲಿಗೆ ನೀರು ಹಾಕಿದಳು. ಆಮೇಲೆ ಎದ್ದು, ಹುಡುಗನ ಸೋದರತ್ತೆ ಕೂತ ಕಡೆ ತಿರುಗಿದಳು. ಬೆಳಗಿನಿಂದ ತಡೆದಿಟ್ಟ ದನಿ.

"ನೋಡ್ರಿ ಬೀಗತಿ. ನಮ್ಮ ತವರ ಬಂತು."

ಆಕೆ ಪಾಪ ತಲೆಯ ಮೇಲಿನ ಸೆರಗು ಎಳೆದುಕೊಂಡಳು. ಮಾವ ಗಿರಿಮಲ್ಲ ಕಾಕಾನಿಗೆ ಕೈಮುಗಿದು, "ನೀವು ಹೇಳಿದ ಇಮಾನ ಸಿಗಲಿಲ್ಲರಿ ಕಾಕಾ" ಎಂದಷ್ಟೇ ಅಂದ. ಕಾಕಾ ಒಪ್ಪಬೇಕಲ್ಲ, "ನೀ ತಡಾ ಮಾಡಿರಬೇಕು" ಎಂದ. ಮಾವ ಕಂಬಳಿ ಹಾಸಿದ. ನನ್ನ ಕೈ ಹಿಡಿದು ಕರೆತರುವಾಗ ಅವನ ಅಂಗೈಯಲ್ಲಿ ಕಬ್ಬಿನ ರವದಿಯ ಒಣ ಗರಿ ಗೀರಿದ ಗಾಯಗಳಿದ್ದವು. "ತಡಾ ಆತೇನ ಯವ್ವಾ?" ಎಂದು ಕೇಳಿದ. ನಾನು ಇಲ್ಲ ಎಂದೆ. ಉಳಿದ ನಾಲ್ಕು ಮಂದಿಯೇ ಎಲ್ಲರ ಪಾಲಿನ ಅಕ್ಕಿಕಾಳು ಹಾಕಿದರು.

ಮಾವ ಆ ಉಳಿದ ರಜೆಗೂ ನಿಲ್ಲಲಿಲ್ಲ. ತಿರುಗಿ ಹೋಗಲು ರೈಲು ಸಿಕ್ಕದ್ದು ಮರುದಿನದ್ದೇ, ಅದು ಬಿಟ್ಟರೆ ಡ್ಯೂಟಿಗೆ ಮುಟ್ಟುತ್ತಿರಲಿಲ್ಲ. ಅಕ್ಕ ಬಡಿದಿಟ್ಟಿದ್ದ ರೊಟ್ಟಿಯನ್ನು ಕಟ್ಟಿಕೊಂಡು ಹೋದ.

ಅಂದಿನಿಂದ ನನಗೆ ಆ ಅಂಕಿಗಳನ್ನು ಕಂಡರೆ ಆಗುವುದಿಲ್ಲ. ಇಂಥ ಊರಿನಿಂದ ಇಂಥ ಊರಿಗೆ ಇಷ್ಟು ದೂರ, ಹಾರಾಟಕ್ಕೆ ಇಷ್ಟು ತಾಸು. ಯಾರು ಹಾರುತ್ತಾರೆ? ಕಾಗೆಯೇ? ಕಾಗೆಯೂ ನಡುವೆ ಕೂತು ಏಳುತ್ತದೆ. ವಿಮಾನ ಇಲ್ಲದಿದ್ದರೆ ಇಲ್ಲ ಎಂದು ಒಂದು ಸಾಲು ಬರೆಯಲು ಇವರಿಗೇನು ಶಾಯಿ ಸಾಲದೇ? ಬರೆಯುವುದಿಲ್ಲ. ಅಂತರ ಅವರ ಕೆಲಸ, ದಾರಿ ನಮ್ಮ ಕೆಲಸ. ಅಜ್ಜನ ಕಟ್ಟೆಯ ಮೇಲೆ ನಕಾಶೆ ಹರವಿದ ಆ ಸಾಹೇಬರ ಮಾತೇ ಇವರ ಬಾಯಲ್ಲಿಯೂ ಇದೆ. ನೀಲಿ ನೀರೇ ಅಲ್ಲ ಎನ್ನುವ ಹಾಗೆ ಅದರ ಮೇಲೆ ಪಟ್ಟಿ ಇಡುತ್ತಾರೆ, ಇಷ್ಟೇ, ಎಷ್ಟು ಹತ್ತಿರ ನೋಡಿ ಎನ್ನುತ್ತಾರೆ. ಸುತ್ತು ಬರುವವರು, ಗಂಟು ಹೊರುವವರು, ಬಾಗಿಲಲ್ಲಿ ಕಾಯುವವರು ಆ ಪಟ್ಟಿಯ ಮೇಲೆ ಎಲ್ಲಿಯೂ ಇರುವುದಿಲ್ಲ.

ಇಷ್ಟನ್ನೂ ದೇಶಪಾಂಡೆ ಬಾಯಾರಿಗೆ ಮಾಳಿಗೆಯ ಮೇಲೆ ನಿಂತು ಹೇಳಿದೆ. ಅವರು ಕಣ್ಣೊರೆಸಿಕೊಂಡು, ಕಂಬಳಿಗೆ ಕೈಮುಗಿದು, "ಹಂಗಾರ ಯಜಮಾನರಿಗೆ ರೈಲಿನಾಗ ಹೋಗೂಣು ಅಂತ ಹೇಳತೇನ್ರಿ" ಎಂದು ಗೋಡೆ ದಾಟಿ ಹೋದರು. ನನಗೆ ಸ್ವಲ್ಪ ಸಮಾಧಾನವಾಯಿತು. ಒಬ್ಬರನ್ನಾದರೂ ಉಳಿಸಿದೆನಲ್ಲ.

ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಅವ್ವ ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು ಈಗ ಕೆಲವು ದಿನದಿಂದ ನನ್ನ ಹತ್ತಿರ ಇದ್ದಾಳೆ. ಹಸಿರು ಪಟ್ಟಿ ಕಟ್ಟಿಕೊಂಡು, ಕಂಬಳಿಯ ವಾಸನೆ ಹಿಡಿದು ಗೋಡೆ ಮುಟ್ಟುತ್ತ ಮೇಲೆ ಬಂದಿದ್ದಳು. ಈಗ ಎದ್ದು ಬಂದು ಕಂಬಳಿಯ ಅಂಚಿನ ಮೇಲೆ ಕೂತು ಅದನ್ನು ಕೈಯಿಂದ ಸವರತೊಡಗಿದಳು.

"ಆ ಫೋನಿನಾಗ ಎಲ್ಲಾ ಊರಿನ ದೂರಾ ತೋರಸತೈತೇನ ಮಗಳ?"

"ತೋರಸತೈತಿ ಬೇ. ಸುಳ್ಳ ತೋರಸತೈತಿ."

"ನಮ್ಮೂರ ಎಷ್ಟ ದೂರ ಐತಿ ಕೇಳ ನೋಡೂಣು."

ನಮ್ಮೂರು ಎಂದರೆ ಅವಳಿಗೆ ನನ್ನ ಅಪ್ಪನ ಊರಲ್ಲ. ಐವತ್ತು ವರ್ಷ ಸಂಸಾರ ಮಾಡಿದರೂ ಅಲ್ಲ. ಆ ಊರು ಅಲ್ಲಿಲ್ಲ ಬೇ ಎಂದು ಹೇಳಲು ಬಾಯಿ ತೆರೆದೆ. ಅವಳಿಗೆ ಗೊತ್ತಿಲ್ಲವೇ? ಸುಮ್ಮನೆ ಫೋನು ತೆಗೆದೆ. ಹೆಸರು ಬರೆದರೆ ಸಿಗಲಿಲ್ಲ. ನಕಾಶೆಯನ್ನು ಬೆರಳಿನಿಂದ ಸರಿಸಿಕೊಂಡು ಗಲಗಲಿ ಹಿಡಿದೆ, ಅದನ್ನು ದಾಟಿ ಹೊಳೆಯ ಜೊತೆ ಹೋದೆ, ಹೊಳೆ ಬಾಗುವಲ್ಲಿ ನಿಂತೆ. ಅಲ್ಲಿ ಬರೀ ನೀಲಿ. ಬೇಸಿಗೆಯಲ್ಲಿ ನೀರು ಇಳಿದರೆ ಬೀರಪ್ಪನ ಗುಡಿಯ ಕಟ್ಟೆ ಕಾಣುತ್ತದೆ ಎಂದು ಮಾವ ಹೇಳುತ್ತಾನೆ, ನಿವೃತ್ತನಾಗಿ ಬಂದ ಮೇಲೆ ಅವನೊಬ್ಬನೇ ಹೋಗಿ ನೋಡಿ ಬರುತ್ತಾನೆ. ಅಂದಾಜಿನ ಮೇಲೆ ನೀಲಿಯ ನಡುವೆ ಬೆರಳು ಒತ್ತಿದೆ. ಫೋನು ಬನಹಟ್ಟಿಯಿಂದ ಅಲ್ಲಿಗೆ ಒಂದು ತೆಳು ಗೆರೆ ಎಳೆಯಿತು. ನೆಟ್ಟಗೆ. ಹೊಲ, ಊರು, ನೀರು ಯಾವುದನ್ನೂ ಕೇಳದೆ.

"ಎಷ್ಟ ಅಂತೈತಿ?"

"ನಲವತ್ತ ಕಿಲೋಮೀಟರ್ ಒಳಗ ಐತಿ ಬೇ."

ಅವ್ವನ ಕೈ ಕಂಬಳಿಯ ಮೇಲೆ ನಿಂತಿತು. ಹಸಿರು ಪಟ್ಟಿಯ ಕೆಳಗೆ ಅವಳ ಮುಖ ಮೆತ್ತಗಾಯಿತು.

"ಅಟ್ಟ ಐತೇನು? ನಾ ಭಾಳ ದೂರ ಆತು ಅಂದಕೊಂಡಿದ್ನಿ. ಹಂಗಾರ ಹತ್ತರನ ಐತಿ."

ದಾರಿ ಇಲ್ಲ ಬೇ, ಅದು ಬರೇ ಗೆರೆ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಇಷ್ಟು ವರ್ಷ ಮಕ್ಕಳಿಗೆ ಮಾರ್ಕು ಕಳೆದದ್ದು ಅದೇ ಮಾತಿಗೆ. ಕಂಬಳಿಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ಹೂಂ ಬೇ" ಎಂದೆ. "ಹತ್ತರನ ಐತಿ."